ನಮ್ಮದೇ ಗಾಣ, ವೈರಸ್‌ನ ಬೆಲ್ಲ

1918ರಲ್ಲಿ ಮುಂಬಯಿ ಬಂದರಿಗೆ ಬಂದಿಳಿದ ಇನ್‌ಫ್ಲುಯೆಂಜಾ, ರೈಲಿನೊಂದಿಗೆ ಒಳನಾಡಿಗೆ ಹಬ್ಬಿತು. ಮಿರಜ್-ಬೆಳಗಾವಿ ಮಾರ್ಗದ ಶೇಡಬಾಳದಂತಹ ಊರುಗಳಿದ್ದ ಬೆಳಗಾವಿ ಸೀಮೆ ಆಗ ಮುಂಬಯಿ ಪ್ರಾಂತದ ಭಾಗ. ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು.

ಇಷ್ಟು ಜನರನ್ನು ಬಲಿ ಪಡೆದ ವೈರಸ್ ಮಹಾ ಬಲಶಾಲಿ ಎಂದು ನೀವು ಭಾವಿಸಬಹುದು. ನಿಜವಾಗಿ ಅದು ಬರಿಗೈಯಲ್ಲಿ ಬರುವ ಜೀವಿ, ಅದನ್ನು ಜೀವಿ ಎನ್ನಬಹುದಾದರೆ! ಅದರ ಬಳಿ ಇರುವುದು ಆರ್‌ಎನ್‌ಎಯ 8 ತುಂಡುಗಳು ಮತ್ತು ಕೆಲವೇ ಪ್ರೊಟೀನುಗಳು. ಕಬ್ಬು ಬೆಳೆಯುವ ಶೇಡಬಾಳದವರಿಗೆ ಹೀಗೆ ಹೇಳಿದರೆ ಬೇಗ ಅರ್ಥವಾದೀತು: ಹೊಲವಿಲ್ಲ, ಗಾಣವಿಲ್ಲ, ಕೊಪ್ಪರಿಗೆಯಿಲ್ಲ, ಬೆಲ್ಲ ಮಾಡುವ ವಿಧಾನ ಬರೆದ ಎಂಟು ಚೀಟಿ ಹಿಡಿದು ಪರರ ಗಾಣಕ್ಕೆ ನುಗ್ಗಿದವನಂತೆ ಅದು.

ವೈರಸ್ಸಿನ ಹೊರಮೈಯ ಪ್ರೊಟೀನನ್ನು ನಮ್ಮ ಶ್ವಾಸನಾಳದ ಕಿಣ್ವವೇ ಕತ್ತರಿಸಿ ಕೊಡಬೇಕು. ಇಲ್ಲದಿದ್ದರೆ ಅದಕ್ಕೆ ಜೀವಕೋಶದೊಳಗೆ ಪ್ರವೇಶವಿಲ್ಲ. ಒಳಹೊಕ್ಕ ಮೇಲೆ ತನ್ನ ಚೀಟಿಗಳ ನಕಲು ತೆಗೆಯಲು ನಮ್ಮ ಎಎನ್‌ಪಿ32 ಎಂಬ ಪ್ರೊಟೀನು ಬೇಕು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು 2016ರಲ್ಲಿ ಇದರ ಗುಟ್ಟು ಬಿಡಿಸಿದರು. ಕೋಳಿಯಲ್ಲಿರುವ ಈ ಪ್ರೊಟೀನು ಮನುಷ್ಯನದಕ್ಕಿಂತ ಸ್ವಲ್ಪ ಉದ್ದ. ಹಕ್ಕಿಜ್ವರದ ವೈರಸ್ ಮನುಷ್ಯರಲ್ಲಿ ಸುಲಭವಾಗಿ ಬೆಳೆಯದಿರಲು ಇದೂ ಒಂದು ಕಾರಣ. ಆದರೆ ವೈರಸ್‌ನಲ್ಲಿ ಒಂದೇ ಒಂದು ಸಣ್ಣ ಬದಲಾವಣೆಯಾದರೂ ಈ ತಡೆ ಸಡಿಲವಾಗುತ್ತದೆ. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಹಕ್ಕಿಜ್ವರ ಕಂಡಾಗ ಸಾವಿರಾರು ಹಕ್ಕಿಗಳನ್ನು ಕೊಂದದ್ದು ಸುಮ್ಮನೆ ಅಲ್ಲ.

ಹಾಗಾದರೆ ಆ ಪ್ರೊಟೀನನ್ನೇ ಬದಲಿಸಿದರೆ? ಬ್ರಿಟನ್ನಿನ ವಿಜ್ಞಾನಿಗಳು ಕೋಳಿಗಳಲ್ಲಿ ಹಾಗೆ ಮಾಡಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಪ್ರಮಾಣದ ವೈರಸ್ ಕೊಟ್ಟಾಗ 10ರಲ್ಲಿ 9 ಕೋಳಿಗಳಿಗೆ ಸೋಂಕು ತಗಲಲಿಲ್ಲ. ಸಾವಿರ ಪಟ್ಟು ಹೆಚ್ಚು ಕೊಟ್ಟಾಗ ಅರ್ಧದಷ್ಟಕ್ಕೆ ತಗಲಿತು. ಒಂದು ಗಾಣ ಮುಚ್ಚಿದ್ದಕ್ಕೆ ವೈರಸ್ ಅದೇ ಕುಟುಂಬದ ಬೇರೆ ಪ್ರೊಟೀನುಗಳನ್ನು ಹುಡುಕಿಕೊಂಡಿತ್ತು.

ಮನೆಯಲ್ಲಿ ಯಾರಿಗಾದರೂ ಫ್ಲೂ ಬಂದಾಗ "ಡಾಕ್ಟರೇ, ಒಂದು ಆ್ಯಂಟಿಬಯೋಟಿಕ್ ಕೊಡಿ" ಎನ್ನುತ್ತೇವಲ್ಲ, ಅದು ಏಕೆ ನಾಟುವುದಿಲ್ಲವೆಂದು ಈಗ ನಿಮಗೆ ಹೊಳೆದಿರಬೇಕು. ಆ ಔಷಧಿ ಬ್ಯಾಕ್ಟೀರಿಯಾದ ಸ್ವಂತ ಯಂತ್ರಗಳನ್ನು ಕೆಡಿಸುತ್ತದೆ. ವೈರಸ್ಸಿಗೆ ಅಂಥ ಯಂತ್ರಗಳೇ ಇಲ್ಲ. ಅದು ಬಳಸುವ ನಮ್ಮ ಯಂತ್ರಕ್ಕೆ ಹೊಡೆದರೆ ಪೆಟ್ಟು ನಮಗೂ ಬೀಳಬಹುದು. ಆದ್ದರಿಂದ ಓಸೆಲ್ಟಾಮಿವಿರ್ ಎಂಬ ಮಾತ್ರೆ ವೈರಸ್‌ನ ಕೆಲವೇ ಸ್ವಂತ ಪ್ರೊಟೀನುಗಳ ಪೈಕಿ ಒಂದನ್ನು ತಡೆಯುತ್ತದೆ. ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಅದರ ಉಪಯೋಗ ಹೆಚ್ಚು. ಗರ್ಭಿಣಿಯರು, ವೃದ್ಧರು, ಪುಟ್ಟ ಮಕ್ಕಳು, ಮಧುಮೇಹ ಅಥವಾ ಉಬ್ಬಸ ಇರುವವರನ್ನು ಕಷಾಯ ಕುಡಿಸುತ್ತ ಮೂರ್ನಾಲ್ಕು ದಿನ ಮನೆಯಲ್ಲೇ ಇರಿಸಿಕೊಳ್ಳಬೇಡಿ, ಮೊದಲ ದಿನವೇ ವೈದ್ಯರಿಗೆ ತೋರಿಸಿ.