ಮೇಲೆ ಥಳುಕು, ಒಳಗೆ ಹುಳುಕು

ಹಳೇ ರಿಮೋಟ್ ಕಂಟ್ರೋಲ್ ಕಾರುಗಳನ್ನು ತಿಕ್ಕಿ ತೊಳೆದು ಹೊಸದರಂತೆ ಮಾಡೋ ಹುಚ್ಚಿರುವವರಲ್ಲಿ ಒಂದು ಚಾಳಿ ಇದೆ. ಫೈಬರ್‌ಗ್ಲಾಸ್ ಭಾಗ ಬಿಳಿಚಿಕೊಂಡಿದ್ದರೆ ಒಂದು ಹನಿ ಎಣ್ಣೆ ಹಾಕಿ ಬಟ್ಟೆಯಿಂದ ಉಜ್ಜೋದು. ಎರಡೇ ನಿಮಿಷ, ಫಳ ಫಳ! ನನ್ನ ತಕರಾರಿರೋದು ಈ ಎರಡು ನಿಮಿಷದ ಬಗ್ಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇವು ಜಾತ್ರೆಯಲ್ಲಿ ಸಿಗೋ ಆಟಿಕೆಗಳಲ್ಲ, ಬಿಡಿಭಾಗಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟಬೇಕಾದ ಕಾರುಗಳು. ಜಪಾನಿನ ಟಾಮಿಯಾ ಕಂಪನಿ 1979ರಲ್ಲಿ ತಂದ ಸ್ಯಾಂಡ್ ಸ್ಕಾರ್ಚರ್‌ಗೆ ಮೇಲೆ ಬೀಟಲ್ ಕಾರಿನ ರೂಪ, ಕೆಳಗೆ ಬೆನ್ನೆಲುಬಾಗಿ ಫೈಬರ್‌ಗ್ಲಾಸ್ ಹಲಗೆ. 1988ರ ಅವಾಂಟೆ, 1991ರ ಟಾಪ್ ಫೋರ್ಸ್ ಕಾರುಗಳಲ್ಲಿ ಇಂಥ ಹಲಗೆಗಳು ಮೇಲೊಂದು, ಕೆಳಗೊಂದು. ಈಗ ಇವಕ್ಕೆಲ್ಲ ಮೂವತ್ತು ನಲವತ್ತು ವರ್ಷ ಮೀರಿದ ವಯಸ್ಸು.

ಫೈಬರ್‌ಗ್ಲಾಸ್ ಅಂದರೆ ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಎಪಾಕ್ಸಿಯಂಥ ರಾಳದಲ್ಲಿ ಅಂಟಿಸಿದ್ದು. ನಿಮ್ಮ ಕಂಪ್ಯೂಟರಿನ ಮದರ್‌ಬೋರ್ಡ್ ಇದರ ಹತ್ತಿರದ ನೆಂಟ. ಗಾಜು, ಎಪಾಕ್ಸಿ ಎರಡರ ವಕ್ರೀಭವನ ಸೂಚ್ಯಂಕವೂ ಸುಮಾರು 1.55. ಹಾಗಾಗಿ ಬೆಳಕು ಒಂದರಿಂದ ಇನ್ನೊಂದಕ್ಕೆ ಹೆಚ್ಚು ಚೆದುರದೆ ದಾಟುತ್ತೆ. ನಡುವೆ ಗಾಳಿ ನುಗ್ಗಿತೋ, ಬೆಳಕು ಚೆಲ್ಲಾಪಿಲ್ಲಿ. ನಮ್ಮ ಕಣ್ಣಿಗೆ ಬಿಳಿ!

ಈ ಬಿಳಿಯಲ್ಲಿ ಎರಡು ಜಾತಿ. ಒಂದು, ಮಣ್ಣು ಕಲ್ಲಿಗೆ ಉಜ್ಜಿ ಆದ ಗೀರು. ಉಗುರು ಓಡಿಸಿದರೆ ತಿಳಿಯುತ್ತೆ, ಅದರಿಂದ ದೊಡ್ಡ ಅಪಾಯವಿಲ್ಲ. ಇನ್ನೊಂದು, ಮೇಲ್ಮೈ ನುಣುಪಾಗಿದ್ದರೂ ಸ್ಕ್ರೂ ತೂತಿನ ಸುತ್ತ ಕಾಣೋ ಬಿಳಿ ಉಂಗುರ. ಅಲ್ಲಿ ಒಳಗಿನ ಪದರಗಳು ಬಿಟ್ಟುಕೊಂಡಿವೆ ಅಂತ ಲೆಕ್ಕ. ಎಣ್ಣೆ ಆ ಸಂದಿಗಳಿಗೆ ಇಳಿದು ಗಾಳಿಯ ಜಾಗ ತುಂಬುತ್ತೆ, ಬಿಳಿ ಮಾಯ. ಬಿರುಕು ಮಾತ್ರ ಅಲ್ಲೇ ಇರುತ್ತೆ! ಕಂಪೈಲರ್ ಕೊಟ್ಟ ವಾರ್ನಿಂಗ್ ಆಫ್ ಮಾಡಿ "ಕೋಡ್ ಸರಿಯಾಗಿದೆ" ಅಂದ ಹಾಗೆ :-)

"ಗಾಜಿನ ಬೀರುವಿನಲ್ಲಿಡೋ ಕಾರು ತಾನೆ, ಎಣ್ಣೆ ಹಚ್ಚಿದರೆ ಏನು ನಷ್ಟ?" ಅಂತ ಕೇಳೋರಿದ್ದಾರೆ. ನಷ್ಟ ಇದೆ. ಎಣ್ಣೆ ಕುಡಿದ ಪದರಕ್ಕೆ ಆಮೇಲೆ ಅಂಟು ಸರಿಯಾಗಿ ಹಿಡಿಯೋಲ್ಲ. ರಿಪೇರಿಯ ದಾರಿಯನ್ನೇ ಮುಚ್ಚಿದಂತಾಯ್ತು. ಮೇಲಾಗಿ ಇಂಥ ಕಾರುಗಳು ಕೈಯಿಂದ ಕೈಗೆ ಹೋಗ್ತಾನೇ ಇರುತ್ತವೆ. ಹೊಳಪು ನೋಡಿ ಕೊಂಡವನು ಮೊದಲ ಗುಂಡಿಯಲ್ಲೇ ಹಲಗೆ ಸೀಳಿಸಿಕೊಂಡರೆ ಆ ಪಾಪ ಯಾರಿಗೆ?

ಮತ್ತೆ ಮಾಡಬೇಕಾದ್ದೇನು? ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪು, ಹಳೇ ಹಲ್ಲುಜ್ಜೋ ಬ್ರಷ್ಷು. ಜಿಡ್ಡು ಉಳಿದರೆ ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒಂದು ಸಲ ಒರೆಸಿ. ಥಿನ್ನರ್‌ನಲ್ಲಿ ನೆನೆಹಾಕಬೇಡಿ. ಪೂರ್ತಿ ಒಣಗಲಿ. ಆಗ ಹಲಗೆ ತನ್ನ ರೋಗ ತಾನೇ ಹೇಳುತ್ತೆ. ಅಂಚಿನಲ್ಲಿ ಪದರ ಬಿಟ್ಟಿದ್ದರೆ ನೀರಿನಷ್ಟು ತೆಳುವಾದ ಸೂಪರ್‌ಗ್ಲೂ ತಾನಾಗಿ ಒಳಗೆ ಇಳಿಯುತ್ತೆ. ಭಾರ ಬೀಳೋ ಜಾಗಕ್ಕೆ ತೆಳು ಎಪಾಕ್ಸಿ ವಾಸಿ, ಸೂಪರ್‌ಗ್ಲೂ ಒಣಗಿದ ಮೇಲೆ ಪೆಡಸು. ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಕ್ಲ್ಯಾಂಪ್ ಬಿಗಿಯಿರಿ.

ಇನ್ನು ಮರಳುಕಾಗದ. ಉಜ್ಜಲೇಬೇಕೆಂದರೆ ನೀರು ಹಾಕಿಕೊಂಡು, ಮಾಸ್ಕ್ ತೊಟ್ಟು ಉಜ್ಜಿ. ಆ ಧೂಳಿನಲ್ಲಿರೋದು ಗಾಜು, ಚರ್ಮಕ್ಕೂ ಶ್ವಾಸಕೋಶಕ್ಕೂ ಒಳ್ಳೇದಲ್ಲ. ಆದರೆ ಗೀರು ಹೋಗೋವರೆಗೂ ಉಜ್ಜುವ ಹಟ ಬೇಡ. ಮೇಲಿನ ರಾಳದ ಪದರ ಬಹಳ ತೆಳು, ಅದು ಸವೆದರೆ ನೂಲು ಹೊರಗೆ ಬಂದು ಇನ್ನಷ್ಟು ಬಿಳಿಯಾಗುತ್ತೆ.

ಹೊಚ್ಚ ಹೊಸದೇ ಬೇಕೆನ್ನುವವರಿಗಾಗಿ ಟಾಮಿಯಾನೇ ಸ್ಯಾಂಡ್ ಸ್ಕಾರ್ಚರನ್ನು 2010ರಲ್ಲಿ, ಅವಾಂಟೆಯನ್ನು 2011ರಲ್ಲಿ, ಟಾಪ್ ಫೋರ್ಸನ್ನು 2017ರಲ್ಲಿ ಮತ್ತೆ ಹೊರತಂದಿತು. ಓಡಿಸೋ ಆಸೆಯಿದ್ದರೆ ಅವನ್ನು ಹುಡುಕಿ. ಹಳೆಯದು ಹಳೆಯದಾಗಿಯೇ ಇರಲಿ, ಕೊಳೆ ಇಲ್ಲದೆ, ಗೀರಿನ ಸಮೇತ. ತೊಳೆಯೋದು ಏಟು ಎಲ್ಲಿದೆ ಅಂತ ಕಾಣೋದಕ್ಕೆ, ಮುಚ್ಚೋದಕ್ಕಲ್ಲ.

ಏನಂತೀರಿ?