ಪಿಸ್ತೂಲಿಗಿಂತ ಮೊದಲು ಪಾಠ

ಅಮೆರಿಕದಲ್ಲಿರೋ ನಮ್ಮಂಥವರು ಬಂದೂಕು ಇಟ್ಕೋಬೇಕಾ, ಬೇಡವಾ? ಡಲ್ಲಾಸ್ ಕಡೆಯ ನಮ್ಮ ಗೆಳೆಯರ ಗುಂಪಿನಲ್ಲಿ ಈ ಪ್ರಶ್ನೆ ಬಂತೆಂದರೆ ತಟ್ಟೆಯಲ್ಲಿರೋ ಬಿಸಿಬೇಳೆಬಾತ್ ತಣ್ಣಗಾಗುತ್ತೆ, ಚರ್ಚೆ ಮಾತ್ರ ತಣ್ಣಗಾಗಲ್ಲ. 2025ರ ಸೆಪ್ಟೆಂಬರಿನಲ್ಲಿ ಇದೇ ಡಲ್ಲಾಸಿನ ಮೋಟೆಲ್ ಒಂದರಲ್ಲಿ ಕರ್ನಾಟಕ ಮೂಲದ ಮ್ಯಾನೇಜರ್ ಒಬ್ಬರನ್ನು ಹೆಂಡತಿ ಮಗನ ಎದುರೇ ಮಚ್ಚಿನಿಂದ ಕೊಂದರಲ್ಲ, ಆಮೇಲಂತೂ "ಇಟ್ಕೋಬೇಕು" ಅನ್ನೋರ ದನಿಯೇ ಜೋರು. ಆ ಭಯ ಸುಳ್ಳು ಅಂತ ನಾನು ಹೇಳೋದಿಲ್ಲ. ನನಗೂ ಇದೆ.

ವಾದ ಮಾಡೋದರ ಬದಲು ಒಮ್ಮೆ ಕಲಿತೇ ನೋಡೋಣ ಅಂತ ಟೆಕ್ಸಾಸಿನ 'ಲೈಸೆನ್ಸ್ ಟು ಕ್ಯಾರಿ' ತರಗತಿಗೆ ಹೋಗಿಬಂದೆ. ಅಂಗಿಯೊಳಗೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡೋಕೆ ಬೇಕಾದ ಪಾಠ ಇದು. (ಹೆಂಡತಿ ಇಲ್ಲಿನ ಪ್ರಜೆ, ಹಾಗಾಗಿ ನನಗೆ ಗ್ರೀನ್ ಕಾರ್ಡ್ ಇದೆ. ಇದನ್ನ್ಯಾಕೆ ಹೇಳಿದೆ ಅಂತ ಕೊನೆಗೆ ಗೊತ್ತಾಗುತ್ತೆ.)

ಪಾಠ ನಾಲ್ಕರಿಂದ ಆರು ಗಂಟೆ. ಸಿನಿಮಾ ಥರ ಏನೋ ಇರುತ್ತೆ ಅಂದುಕೊಂಡು ಹೋದರೆ ನಿರಾಸೆ ಖಂಡಿತ :-) ಬಹುಪಾಲು ಕಾನೂನೇ. ಯಾವಾಗ ಬಲಪ್ರಯೋಗ ಮಾಡಬಹುದು, ಎಲ್ಲಿಗೆ ಪಿಸ್ತೂಲು ಒಯ್ಯುವಂತಿಲ್ಲ, ಮನೆಯಲ್ಲಿ ಹೇಗೆ ಬೀಗ ಹಾಕಿಡಬೇಕು, ಇಂಥವೇ. ಹದಿನೇಳು ತುಂಬದ ಮಗುವಿನ ಕೈಗೆ ಸಿಗೋ ಹಾಗೆ ಲೋಡ್ ಮಾಡಿದ ಬಂದೂಕನ್ನು ಬೇಜವಾಬ್ದಾರಿಯಿಂದ ಬಿಟ್ಟರೆ ಇಲ್ಲಿ ಅದೇ ಒಂದು ಅಪರಾಧ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪಠ್ಯದ ಇನ್ನೊಂದು ಭಾಗ: ಹೊಡೆದಾಟವಿಲ್ಲದೆ ಜಗಳ ಬಗೆಹರಿಸೋದು ಹೇಗೆ ಅನ್ನೋದು. ಬಂದೂಕಿನ ತರಗತಿಯಲ್ಲಿ ಶಾಂತಿಪಾಠ! ನನಗೆ ಅರ್ಥವಾದದ್ದಿಷ್ಟು: ಸೊಂಟದಲ್ಲಿ ಪಿಸ್ತೂಲು ಇರೋನು ರಸ್ತೆಯಲ್ಲಿ ಯಾರಾದರೂ ಅಡ್ಡ ಬಂದರೆ ಬೈಯೋ ಹಕ್ಕನ್ನೂ ಬಿಟ್ಟುಕೊಡಬೇಕು. ಯಾಕಂದ್ರೆ ಅವನು ಇರೋ ಯಾವ ಜಗಳವೂ ಇನ್ನು ಬರೀ ಮಾತಿನ ಜಗಳವಲ್ಲ.

ಆಮೇಲೆ ಗುಂಡು ಹಾರಿಸೋ ಪರೀಕ್ಷೆ. ಒಟ್ಟು 50 ಗುಂಡು: ಮೂರು ಗಜದಿಂದ 20, ಏಳು ಗಜದಿಂದ 20, ಹದಿನೈದು ಗಜದಿಂದ 10. 250ಕ್ಕೆ 175 ಅಂಕ ಬಂದರೆ ಪಾಸು. ನಾನು ಪಾಸಾದೆ. ಇದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಮೂರು ಗಜ ಅಂದ್ರೆ ನಮ್ಮ ಅಡಿಗೆಮನೆಯ ಈ ಗೋಡೆಯಿಂದ ಆ ಗೋಡೆಗೆ. ಕಾಗದದ ಗುರಿ ಅಲ್ಲಾಡಲ್ಲ, ಕಿರುಚಲ್ಲ, ಅದರ ಹಿಂದೆ ಪಕ್ಕದ ಮನೆಯ ಮಗು ಮಲಗಿರಲ್ಲ. ಪರೀಕ್ಷೆ ಪಾಸಾದ ಮೇಲೆ ನನ್ನ ಧೈರ್ಯ ಹೆಚ್ಚಲಿಲ್ಲ, ಅನುಮಾನ ಹೆಚ್ಚಾಯ್ತು.

2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್ಸಿನ ಒಲೇತದ ಬಾರಿನಲ್ಲಿ ಭಾರತೀಯ ಎಂಜಿನಿಯರ್ ಒಬ್ಬರನ್ನು ಕೊಂದದ್ದು ನೆನಪಿದೆಯಲ್ಲ? ಜಗಳ ತೆಗೆದವನನ್ನು ಹೊರಗೆ ಕಳಿಸಿದ್ದರು. ಅವನು ಬಂದೂಕು ಹಿಡಿದು ವಾಪಸ್ ಬಂದ. ಅಂಥ ಹೊತ್ತಿನಲ್ಲಿ ಕೂತವರ ಹತ್ತಿರ ಪಿಸ್ತೂಲಿದ್ದರೂ ತೆಗೆಯೋಕೆ ಎಷ್ಟು ಕ್ಷಣ ಸಿಕ್ಕುತ್ತಿತ್ತು? ಅಲ್ಲಿ ಅವನನ್ನು ತಡೆಯೋಕೆ ಎದ್ದ ಸ್ಥಳೀಯನೊಬ್ಬ ಬರಿಗೈಯಲ್ಲೇ ಹೋಗಿ ಗುಂಡೇಟು ತಿಂದು ಬದುಕಿದ.

ಇನ್ನೊಂದು ಲೆಕ್ಕ ನೋಡಿ. 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 46 ಸಾವಿರಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ನಾವು ಬಾಗಿಲಾಚೆಯ ಕಳ್ಳನನ್ನು ನೆನೆದು ಬಂದೂಕು ತರ್ತೀವಿ. ಆದರೆ ಲೇಆಫ್ ಆಗಿ, ವೀಸಾ ಚಿಂತೆಯಲ್ಲಿ ನಿದ್ದೆಗೆಟ್ಟ ರಾತ್ರಿ ಅದು ಇರೋದು ಬಾಗಿಲಾಚೆ ಅಲ್ಲ, ನಮ್ಮದೇ ಕಪಾಟಿನಲ್ಲಿ.

ಹಾಗಿದ್ದೂ ಈ ತರಗತಿ ಬೇಕೇ ಬೇಕು ಅಂತೀನಿ. ತಮಾಷೆ ಏನು ಗೊತ್ತಾ? ಟೆಕ್ಸಾಸಿನಲ್ಲಿ ಈಗ ಇದು ಕಡ್ಡಾಯವೇ ಅಲ್ಲ. 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಬೇರೆ ತಡೆ ಇಲ್ಲದ 21 ದಾಟಿದ ಯಾರೂ ಲೈಸೆನ್ಸ್ ಇಲ್ಲದೆ ಪಿಸ್ತೂಲು ಒಯ್ಯಬಹುದು. ದೇಶದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಈಗ ಹೀಗೇ. "ಸಂವಿಧಾನ ಕೊಟ್ಟ ಹಕ್ಕಿಗೆ ಪರೀಕ್ಷೆ ಯಾಕೆ?" ಅನ್ನೋದು ಅವರ ವಾದ. ಆದರೆ 2022ರಲ್ಲಿ ಮನೆಯಾಚೆಗೂ ಆ ಹಕ್ಕಿದೆ ಅಂತ ಹೇಳಿದ ಸುಪ್ರೀಂ ಕೋರ್ಟೇ, ತನ್ನ ತೀರ್ಪು ತರಬೇತಿ ಕೇಳುವ ಸಾಮಾನ್ಯ ಲೈಸೆನ್ಸ್ ಪದ್ಧತಿಗಳನ್ನು ಹೊಡೆದುಹಾಕೋಕೆ ಅಲ್ಲ ಅಂದಿತ್ತು. ಕಾರಿಗೆ ಎಲ್ಲೆಲ್‌ಆರ್ ಕೇಳೋ ನಮಗೆ ಇದು ಅತಿ ಅನ್ನಿಸಬಾರದು.

"ಕೊಡಗಿನಲ್ಲೂ ಲೈಸೆನ್ಸ್ ಇಲ್ಲವಲ್ಲ" ಅಂತ ಗೆಳೆಯನೊಬ್ಬ ಪಾಯಿಂಟ್ ಹಾಕಿದ. ನಿಜ, ಕೊಡವರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಅಲ್ಲಿ ಕೋವಿ ಒಬ್ಬನ ಗುಟ್ಟಲ್ಲ. ಕೈಲ್‌ಪೊಳ್ದ್ ದಿನ ಮನೆಮಂದಿಯೆಲ್ಲಾ ಸೇರಿ ಪೂಜೆ ಮಾಡೋ ವಸ್ತು, ಹಿರಿಯರ ಕಣ್ಣಳತೆಯಲ್ಲಿರೋದು. ನಮ್ಮ ಮಲೆನಾಡಲ್ಲೂ ಬೆಳೆ ಕಾಯೋ ಕೋವಿಯನ್ನು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸೋದು ರೂಢಿ. ಕೋವಿಯ ಸುತ್ತ ಒಂದು ಬೇಲಿ ಇತ್ತು. ಇಲ್ಲಿ 2021ರಲ್ಲಿ ಬೇಲಿ ಕಿತ್ತರು, ಆ ಜಾಗದಲ್ಲಿ ಏನನ್ನೂ ನೆಡಲಿಲ್ಲ.

ಈಗ ಗ್ರೀನ್ ಕಾರ್ಡ್ ವಿಷಯ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಬಂದ ಗೆಳೆಯರೇ, ರಾಜ್ಯದ ಕಾನೂನು ಏನೇ ಹೇಳಲಿ, ಫೆಡರಲ್ ಕಾನೂನಿನ ಪ್ರಕಾರ ನೀವು ಬಂದೂಕಾಗಲೀ ಗುಂಡಾಗಲೀ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. "ಟೆಕ್ಸಾಸಲ್ಲಿ ಎಲ್ಲಾ ನಡೆಯುತ್ತೆ ಗುರೂ" ಅನ್ನೋ ಮಾತು ನಂಬಿ ವೀಸಾನೂ ಭವಿಷ್ಯನೂ ಕಳ್ಕೋಬೇಡಿ. ಮೊದಲು ವಕೀಲರನ್ನು ಕೇಳಿ.

ನನ್ನ ಅಭಿಪ್ರಾಯ ಇಷ್ಟೇ. ಕಾನೂನು ಬಿಟ್ಟರೆ ಪಾಠಕ್ಕೆ ಹೋಗಿ, ಪಿಸ್ತೂಲು ತರಬೇಕಾ ಅನ್ನೋದನ್ನು ಆಮೇಲೆ ಯೋಚಿಸಿ. ನಾನು ತಂದಿಲ್ಲ, ತರೋದೂ ಇಲ್ಲ. ಬಾಗಿಲಿಗೆ ಒಳ್ಳೇ ಬೀಗ ಹಾಕಿಸಿದ್ದೀನಿ, ಪಕ್ಕದ ಮನೆಯವರ ಫೋನ್ ನಂಬರ್ ತಗೊಂಡಿದ್ದೀನಿ. ನೀವು ಬೇರೆ ಥರ ಯೋಚಿಸ್ತೀರಾದರೆ ಹೇಳಿ, ಜಗಳ ಆಡೋಣ... ಮಾತಲ್ಲಿ ಮಾತ್ರ :-)