ಗಣಕ ಪದವಿಯಿಂದ ಸಲಹಾವೃತ್ತಿಗೆ
ಬಿ.ಇ. ಅಥವಾ ಬಿ.ಸಿ.ಎ. ಮುಗಿಸಿದವರ ಮುಂದಿರುವ ದಾರಿಗಳಲ್ಲಿ ಐಟಿ ಕನ್ಸಲ್ಟೆನ್ಸಿ, ಅಂದರೆ ಒಂದು ಸಂಸ್ಥೆಯ ವ್ಯವಹಾರವನ್ನು ಅಭ್ಯಸಿಸಿ ಅದಕ್ಕೆ ತಕ್ಕ ತಂತ್ರಾಂಶವನ್ನು ಆರಿಸಿ, ಹೊಂದಿಸಿ, ಬಳಕೆಗೆ ತರುವ ಸಲಹಾವೃತ್ತಿ, ಕೋಡ್ ಬರೆಯುವ ಸಾಮರ್ಥ್ಯದಷ್ಟೇ ಕೇಳಿ ತಿಳಿಯುವ ತಾಳ್ಮೆಯನ್ನೂ ಬೇಡುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಸಂದರ್ಭ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ: ಹುಬ್ಬಳ್ಳಿಯ ವರ್ತಕರು ಕಲಬುರಗಿಗೆ ಸರಕು ಮಾರಿದರೆ ತೆರಿಗೆಯನ್ನು ಕೇಂದ್ರ ಮತ್ತು ರಾಜ್ಯದ ಪಾಲುಗಳಾಗಿ ಸಮನಾಗಿ ಒಡೆದು ತೋರಿಸಬೇಕು, ಅದೇ ಸರಕು ರಾಜ್ಯದ ಗಡಿ ದಾಟಿ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಹೋದರೆ ಐಜಿಎಸ್‌ಟಿ ಎಂಬ ಒಂದೇ ತೆರಿಗೆ ಬೀಳಬೇಕು, ಮಾರಿದ ಮಾಲು ಮರಳಿ ಬಂದರೆ ಕ್ರೆಡಿಟ್ ನೋಟ್ ಮೂಲಕ ಹಿಂದಿನ ಲೆಕ್ಕ ಸರಿಹೋಗಬೇಕು, ಇಷ್ಟನ್ನೂ ಬಿಲ್ಲಿನ ನಮೂನೆಯಿಂದ ಗೋದಾಮಿನ ದಾಖಲೆಯವರೆಗೆ ಇಆರ್‌ಪಿಯಲ್ಲಿ, ಎಂದರೆ ಖರೀದಿ, ದಾಸ್ತಾನು, ಲೆಕ್ಕಪತ್ರಗಳನ್ನು ಒಂದೆಡೆ ಜೋಡಿಸುವ ತಂತ್ರಾಂಶದಲ್ಲಿ, ಅಳವಡಿಸಬೇಕಾದವರಿಗೆ ಗುಮಾಸ್ತರ ಪಕ್ಕದಲ್ಲಿ ಕುಳಿತು ಅವರ ದಿನದ ಕೆಲಸವನ್ನು ನೋಡದೆ ಗತ್ಯಂತರವಿಲ್ಲ. ಸ್ಯಾಪ್‌ನಂಥ ಇಆರ್‌ಪಿ ತಂತ್ರಾಂಶದ ಅಥವಾ ಕ್ಲೌಡ್ ಸೇವೆಗಳ ಸರ್ಟಿಫಿಕೇಟುಗಳು ಸಂದರ್ಶನದವರೆಗೆ ಕರೆದೊಯ್ಯಬಹುದಾದರೂ, ಗ್ರಾಹಕರ ಸಭೆಯಲ್ಲಿ ಮಾತು ನಡೆಯುವುದು ಬ್ಯಾಂಕಿಂಗ್, ವಿಮೆ, ಉತ್ಪಾದನೆಯಂಥ ಒಂದು ಕ್ಷೇತ್ರವನ್ನಾದರೂ ಆಳವಾಗಿ ಬಲ್ಲವರದ್ದೇ. ಎರಡು ಯೋಜನೆಗಳ ನಡುವೆ ಕೆಲಸವಿಲ್ಲದೆ ಕಾಯುವ, ಉದ್ಯಮದಲ್ಲಿ ‘ಬೆಂಚ್’ ಎನ್ನಿಸಿಕೊಳ್ಳುವ ಅವಧಿ ಹೊಸಬರನ್ನು ಕಂಗೆಡಿಸುವುದುಂಟು, ಆದರೆ ಈ ಕ್ಷೇತ್ರಜ್ಞಾನವನ್ನು ಗಳಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಬಿಡುವು ಸಿಗುವುದು ಕಷ್ಟ. ಈ ಜ್ಞಾನದ ಬುನಾದಿ ಓದುವಾಗಲೇ ಬೀಳುವಂತೆ ರಾಜ್ಯದ ಕಾಲೇಜುಗಳು ಗಣಕ ಪದವಿಯ ಕೊನೆಯ ವರ್ಷದಲ್ಲಿ ಲೆಕ್ಕಶಾಸ್ತ್ರದ ಒಂದು ಪತ್ರಿಕೆಯನ್ನೂ, ಹತ್ತಿರದ ಕಾರ್ಖಾನೆಯಲ್ಲೋ ಸಹಕಾರಿ ಸಂಘದಲ್ಲೋ ಕೆಲಸ ನಡೆಯುವ ಬಗೆಯ ಅಧ್ಯಯನವನ್ನೂ ಕಡ್ಡಾಯಗೊಳಿಸಬೇಕು.